ಫಿಂಗೋಲಿಮೋಡ್: ಮೊದಲ ದಿನ ಎದೆಬಡಿತ ಏನಾಗುತ್ತದೆ?

ದಾವಣಗೆರೆಯಿಂದ ಕೇಳಿದ್ದು: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ನರಗಳ ಹೊದಿಕೆ ಕೆಡುವ ಕಾಯಿಲೆ. ಎರಡು ಸಲ ಕಣ್ಣು ಮಂಜಾಯಿತು, ಒಮ್ಮೆ ಕಾಲು ಮರಗಟ್ಟಿತು. ನರರೋಗ ತಜ್ಞರು ಫಿಂಗೋಲಿಮೋಡ್ ಬರೆದಿದ್ದಾರೆ. ಎದೆಬಡಿತ ನಿಧಾನವಾಗಬಹುದು, ಮೊದಲ ದಿನ ಆಸ್ಪತ್ರೆಯಲ್ಲೇ ಇರಬೇಕು ಎಂದಿದ್ದಾರೆ. ಅದನ್ನು ಕೇಳಿದಾಗಿನಿಂದ ಅಮ್ಮ ಈ ಔಷಧಿಯೇ ಬೇಡ ಎನ್ನುತ್ತಿದ್ದಾರೆ. ತೆಗೆದುಕೊಂಡವರು ದಯವಿಟ್ಟು ಹೇಳಿ.

ಶಿವಮೊಗ್ಗದಿಂದ: ನಾಲ್ಕು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ನರದ ಕಾಯಿಲೆಯ ಔಷಧಿಗೆ ಹೃದಯದ ಗೊಡವೆ ಏಕೆ ಎಂದು ನಾನೂ ಕೇಳಿದ್ದೆ. ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಮಿದುಳಿಗೆ ಹೋಗಿ ನರಗಳ ಹೊದಿಕೆಯನ್ನು ಕೆಡಿಸದಂತೆ ಈ ಔಷಧಿ ಅವುಗಳನ್ನು ದುಗ್ಧರಸ ಗ್ರಂಥಿಗಳಲ್ಲೇ (ಲಿಂಫ್ ನೋಡ್) ಹಿಡಿದಿಡುತ್ತದೆ. ಆ ಕಣಗಳ ಮೇಲಿರುವಂಥ, ಔಷಧಿ ಅಂಟಿಕೊಳ್ಳುವ ಗ್ರಾಹಕಗಳು ಹೃದಯದ ಜೀವಕೋಶಗಳಲ್ಲೂ ಇವೆ. ಔಷಧಿ ಮೊದಲ ಸಲ ಅಲ್ಲಿಗೆ ತಾಗಿದಾಗ ಬಡಿತ ಇಳಿಯುತ್ತದೆ.

ಬೆಳಿಗ್ಗೆ ಇಸಿಜಿ ತೆಗೆದು, ಒಂಬತ್ತು ಗಂಟೆಗೆ 0.5 ಮಿಲಿಗ್ರಾಂ ಕ್ಯಾಪ್ಸೂಲ್ ಕೊಟ್ಟರು. ಆಗ ನಾಡಿ 78. ಗಂಟೆಗೊಮ್ಮೆ ನರ್ಸ್ ಬಂದು ನಾಡಿ, ರಕ್ತದೊತ್ತಡ ನೋಡಿ ಬರೆದುಕೊಳ್ಳುತ್ತಿದ್ದರು. ಹನ್ನೊಂದಕ್ಕೆ 69, ಒಂದು ಗಂಟೆಗೆ 58, ಎರಡಕ್ಕೆ 56. ಮೈ ಭಾರವಾದಂತೆ, ಎದ್ದು ನಿಂತಾಗ ತುಸು ತಲೆ ಹಗುರಾದಂತೆ ಅನಿಸಿತು, ಅಷ್ಟೇ. ಕ್ಯಾಪ್ಸೂಲ್ ನುಂಗಿ ನಾಲ್ಕೈದು ತಾಸಾಗುವ ಹೊತ್ತಿಗೇ ಬಡಿತ ಅತಿ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ, ಪಕ್ಕದಲ್ಲಿದ್ದ ಅಪ್ಪ ಮಾತ್ರ ಬೆವರುತ್ತಿದ್ದರು. ಮೂರಕ್ಕೆ 61. ಮತ್ತೊಂದು ಇಸಿಜಿ ತೆಗೆದು ಮನೆಗೆ ಕಳಿಸಿದರು.

ಕ್ಯಾಪ್ಸೂಲ್ ನುಂಗಿ ಆರು ತಾಸು ಮುಗಿದಾಗಲೂ ಬಡಿತ 45ಕ್ಕಿಂತ ಕಡಿಮೆ ಇದ್ದರೆ, ಅಥವಾ ಇನ್ನೂ ಇಳಿಯುತ್ತಲೇ ಇದ್ದರೆ ಮನೆಗೆ ಬಿಡುವುದಿಲ್ಲ. ಹಾಗಾಗಿ ರಾತ್ರಿ ಉಳಿಯುವ ತಯಾರಿಯಲ್ಲೇ ಹೋಗಿ. ಮನೆಯಲ್ಲೇ ನುಂಗಿ ನೋಡೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಹುಬ್ಬಳ್ಳಿಯಿಂದ: ನನ್ನ ಹೆಂಡತಿ ವರ್ಷವಿಡೀ ಚೆನ್ನಾಗಿಯೇ ಇದ್ದಳು. ಆಮೇಲೆ ಅಂಗಡಿಯಲ್ಲಿ ಔಷಧಿ ಸಿಗದೆ ಹದಿನೆಂಟು ದಿನ ತಪ್ಪಿತು. ಸಿಕ್ಕ ಕೂಡಲೇ ಶುರು ಮಾಡಲು ಹೊರಟಿದ್ದೆವು. ಡಾಕ್ಟರಿಗೆ ಫೋನ್ ಮಾಡಿದ್ದು ನಮ್ಮ ಪುಣ್ಯ. ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಹೃದಯಕ್ಕೆ ಅದು ಮತ್ತೆ ಮೊದಲ ದಿನವೇ, ಆರು ತಾಸು ಆಸ್ಪತ್ರೆಯಲ್ಲೇ ಇರಬೇಕು ಎಂದರು. ಆರಂಭದ ಎರಡು ವಾರದಲ್ಲಾದರೆ ಒಂದು ದಿನ ತಪ್ಪಿದರೂ ಹೀಗೆಯೇ. ಈಗ ಹತ್ತು ದಿನದ ಕ್ಯಾಪ್ಸೂಲ್ ಉಳಿದಿರುವಾಗಲೇ ಹೊಸದನ್ನು ತರಿಸುತ್ತೇನೆ. ಹೆದರಿ ತಾವಾಗಿಯೇ ನಿಲ್ಲಿಸುವುದೂ ಬೇಡ. ನಿಲ್ಲಿಸಿದ ಮೇಲೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಿದವರಿದ್ದಾರೆ.

ಮೈಸೂರಿನಿಂದ: ತಂಗಿ ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ? ನಾನು ರಕ್ತದೊತ್ತಡಕ್ಕೆ ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದೆ. ಅದೂ ಬಡಿತ ಇಳಿಸುವ ಮಾತ್ರೆಯೇ. ಹೃದ್ರೋಗ ತಜ್ಞರು ಅದನ್ನು ಬದಲಾಯಿಸಿದ ಮೇಲೆಯೇ ನನಗೆ ಫಿಂಗೋಲಿಮೋಡ್ ಶುರುವಾಯಿತು. ಬಡಿತ ಇಳಿಸುವ ಇನ್ನೆರಡು ಮಾತ್ರೆಗಳಾದ ವೆರಪಾಮಿಲ್, ಡಿಲ್ಟಿಯಾಜೆಮ್‌ಗೂ ಇದೇ ಎಚ್ಚರ ಬೇಕು. ಕಳೆದ ಆರು ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಆದವರಿಗಂತೂ ಈ ಔಷಧಿ ಕೊಡುವುದೇ ಇಲ್ಲ. ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗಂಟೆಗೊಮ್ಮೆ ಬರೆಯುವ ಅಂಕಿಗಳನ್ನು ಅವರೇ ಕಣ್ಣಾರೆ ನೋಡಲಿ.