ಹಸಿರು ಕೆರೆಯಲ್ಲಿ ಎಷ್ಟು ಬಗೆಯ ಪಾಚಿ?

ಕೆರೆದಂಡೆ: ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಎರಡು ವಾರದಿಂದ ಹಸಿರು ಗಂಜಿಯಂತಾಗಿದೆ. ರಾಜಕಾಲುವೆಯಲ್ಲಿ ಬರುವುದು ಮಳೆನೀರಲ್ಲ, ಬಚ್ಚಲ ನೀರು. ಆದರೂ ನೆರೆಮನೆಯ ಹಿರಿಯರು ಪಾಚಿ ಬಂದರೆ ಕೆರೆಗೆ ಜೀವ ಬಂದಂತೆ ಎನ್ನುತ್ತಾರೆ. ಹೌದೇ?

ಬಿಸಿಲುಕುದುರೆ: ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕೊಳಚೆಯಲ್ಲಿರುವ ಸಾರಜನಕ, ರಂಜಕ ಎರಡೂ ಗೊಬ್ಬರವೇ. ಗದ್ದೆಗೆ ಹಾಕಿದರೆ ಪೈರು, ಕೆರೆಗೆ ಬಿದ್ದರೆ ಪಾಚಿ. ಮೀನಿಗೂ ಮೇವಾಯಿತು.

ಮಸೂರ: ಗದ್ದೆಯ ಮಾತನ್ನೇ ಮುಂದುವರಿಸೋಣ. ತಿಪ್ಪೆಯ ಪಕ್ಕದ ಬದುವಿನಲ್ಲಿ ಹತ್ತು ಬಗೆಯ ಹುಲ್ಲು ಇರುತ್ತದೆಯೇ, ಒಂದೇ ಕಳೆ ಆಳೆತ್ತರ ಬೆಳೆದಿರುತ್ತದೆಯೇ? ಕೆರೆಯಲ್ಲೂ ಅದೇ ಕಥೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು ನಾನು. ತಿಳಿನೀರಿನ ಕುಂಟೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಾಜಿನ ಕರಡಿಗೆಯಂಥ ಡಯಾಟಮ್‌ಗಳು, ನಡು ಸಣ್ಣಗಾದ ಡೆಸ್ಮಿಡ್‌ಗಳು, ಎಳೆಯಂಥವು, ಉಂಡೆಯಂಥವು ಎಲ್ಲ ಕಾಣುತ್ತವೆ. ಮಕ್ಕಳು ಚಿತ್ರ ಬಿಡಿಸಿ ಸುಸ್ತಾಗುತ್ತಾರೆ. ಹಸಿರು ಗಂಜಿಯ ಹನಿಯಲ್ಲಿ ಹೆಚ್ಚಾಗಿ ಮೈಕ್ರೋಸಿಸ್ಟಿಸ್, ಮತ್ತೆ ಮೈಕ್ರೋಸಿಸ್ಟಿಸ್. ಅದು ಪಾಚಿಯೆಂದು ಕರೆಸಿಕೊಳ್ಳುವ ಬ್ಯಾಕ್ಟೀರಿಯಾ. ಮೈಯೊಳಗೆ ಗಾಳಿಯ ಚೀಲಗಳಿರುವುದರಿಂದ ಮೇಲಕ್ಕೆ ತೇಲಿ ಬಿಸಿಲನ್ನೆಲ್ಲ ತಾನೇ ಹೀರುತ್ತದೆ, ಕೆಳಗಿನವಕ್ಕೆ ಕತ್ತಲೆ. ಡಯಾಟಮ್‌ಗಳಿಗಂತೂ ಕವಚ ಕಟ್ಟಲು ಸಿಲಿಕಾ ಬೇಕು. ಕೊಳಚೆ ರಂಜಕವನ್ನು ಧಾರಾಳವಾಗಿ ತರುತ್ತದೆ, ಸಿಲಿಕಾವನ್ನು ಆ ಪ್ರಮಾಣದಲ್ಲಿ ತರುವುದಿಲ್ಲ.

ಬಿಸಿಲುಕುದುರೆ: ಒಪ್ಪಿದೆ. ಆದರೆ ಪೋಷಕಾಂಶವೇ ಇಲ್ಲದ ನೀರಿನಲ್ಲೂ ಬಗೆಗಳು ಕಡಿಮೆಯೇ ಅಲ್ಲವೇ?

ಮಸೂರ: ಅನೇಕ ಕಡೆ ಹೌದು. ತೀರಾ ಬಡ ನೀರಿಗೆ ಸ್ವಲ್ಪ ಪೋಷಕಾಂಶ ಸೇರಿದರೆ ಬಗೆಗಳು ಹೆಚ್ಚುವುದುಂಟು. ಬೆಂಗಳೂರಿನ ಕೆರೆಗಳು ಆ ಹಂತ ದಾಟಿ ಎಷ್ಟೋ ಕಾಲವಾಯಿತು.

ಹಳೆಯೂರು: ಇಷ್ಟೆಲ್ಲ ಏಕೆ? ಕೊಳಚೆಯನ್ನು ಸಂಸ್ಕರಿಸಿ ಬಿಟ್ಟರೆ ಮುಗಿಯಿತು.

ದೂರದೂರು: ಮುಗಿಯುವುದಿಲ್ಲ ಸರ್. ನಾನಿರುವುದು ಸಿಯಾಟಲ್‌ನಲ್ಲಿ. ಇಲ್ಲಿನ ವಾಷಿಂಗ್ಟನ್ ಸರೋವರಕ್ಕೆ 1950ರ ದಶಕದಲ್ಲಿ ಬರುತ್ತಿದ್ದದ್ದು ಬಹುಪಾಲು ಸಂಸ್ಕರಿಸಿದ ನೀರೇ. ಸಾಮಾನ್ಯ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತದೆ, ರಂಜಕದ ಹೆಚ್ಚಿನ ಪಾಲು ಉಳಿದುಬಿಡುತ್ತದೆ. 1955ರಲ್ಲಿ ಆಸಿಲಟೋರಿಯಾ ಎಂಬ ನೀಲಿಹಸಿರು ಪಾಚಿ ಕಾಣಿಸಿಕೊಂಡಿತು. ವಿಜ್ಞಾನಿ ಎಡ್ಮಂಡ್ಸನ್ ಅದನ್ನು ಎಚ್ಚರಿಕೆಯೆಂದು ಓದಿದರು. 1963ರಿಂದ 1968ರವರೆಗೆ ಕೊಳವೆ ಹಾಕಿ ಆ ನೀರನ್ನೆಲ್ಲ ಬೇರೆಡೆಗೆ ತಿರುಗಿಸಿದರು. 1970ರ ದಶಕದಲ್ಲಿ ಸರೋವರ ತಿಳಿಯಾಯಿತು.

ಹಳೆಯೂರು: ರಂಜಕವೇ ಕಾರಣವೆಂದು ಹೇಗೆ ಹೇಳುತ್ತೀರಿ? ಸಾರಜನಕ ಇರಬಾರದೇ?

ದೂರದೂರು: ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ 226ನೇ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ. ಒಂದಕ್ಕೆ ಮಾತ್ರ ರಂಜಕವೂ. ರಂಜಕ ಬಿದ್ದ ಪಾಲು ಹಸಿರಾಯಿತು.

ಮಸೂರ: ಅದು ದೊಡ್ಡ ಪ್ರಯೋಗ, ಆದರೆ ಎಲ್ಲ ಕೆರೆಗೂ ಅದೊಂದೇ ಅಳತೆಗೋಲಲ್ಲ. ಸಾರಜನಕವೂ ಪಾಲುದಾರ ಎನ್ನುವವರು ಇಂದಿಗೂ ಇದ್ದಾರೆ. ಇನ್ನೊಂದು, ವಾಷಿಂಗ್ಟನ್ ಸರೋವರ ಅರವತ್ತು ಮೀಟರಿಗೂ ಹೆಚ್ಚು ಆಳ. ನಮ್ಮವು ತಟ್ಟೆಯಂಥ ಕೆರೆಗಳು. ಹೂಳಿನಲ್ಲಿ ಕೂತ ರಂಜಕ ಕೊಳಚೆ ನಿಂತ ಮೇಲೂ ವರ್ಷಗಟ್ಟಲೆ ನೀರಿಗೆ ಮರಳುತ್ತಿರುತ್ತದೆ.

ಬಲೆಗಾರ: ಮೀನಿಗೆ ಮೇವು ಎಂದಿರಲ್ಲ, ಬಿಸಿಲುಕುದುರೆಯವರೇ, ಒಮ್ಮೆ ಬೆಳಗಿನ ಜಾವ ಬಂದು ನೋಡಿ. ಹಗಲು ಉಸಿರು ಕೊಡುವ ಪಾಚಿ ರಾತ್ರಿ ಅದನ್ನೇ ಕುಡಿಯುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಕಾಟ್ಲಾಗಳು ಬಾಯಿ ತೆರೆದು ಮೇಲೆ ಬಂದಿರುತ್ತವೆ. ಕಳೆದ ಬೇಸಿಗೆಯಲ್ಲಿ ನಮ್ಮ ಗುತ್ತಿಗೆಯ ಕೆರೆಯಲ್ಲಿ ಸತ್ತ ಮೀನು ಎತ್ತಲು ಇಬ್ಬರಿಗೆ ಕೂಲಿ ಕೊಟ್ಟೆ.

ಕೆರೆದಂಡೆ: ನಮ್ಮ ಕೆರೆಗೆ ದನಗಳೂ ನೀರಿಗೆ ಬರುತ್ತವೆ.

ಮಸೂರ: ಗಂಜಿ ಇಳಿಯುವ ತನಕ ಬಿಡಬೇಡಿ. ಮೈಕ್ರೋಸಿಸ್ಟಿಸ್ ವಿಷ ಬಿಡಬಲ್ಲದು, ಕುದಿಸಿದರೂ ಅದು ಹೋಗದು. 2014ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ ಅಮೆರಿಕದ ಟೊಲೆಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಿದರು. ಗಾಳಿ ನೀರನ್ನು ತಳ್ಳಿಕೊಂಡು ಹೋಗುವ ಕಡೆಯ ದಂಡೆಯಲ್ಲಿ ಕೆನೆ ದಪ್ಪಗಿರುತ್ತದೆ, ಮೊದಲು ಆ ಕಡೆಗೆ ಬೇಲಿ ಹಾಕಿಸಿ. ಒಂದು ಸೀಸೆ ನೀರು ತಂದುಕೊಟ್ಟರೆ ನೋಡಿ ಹೇಳುತ್ತೇನೆ.

ಕೆರೆದಂಡೆ: ಭಾನುವಾರ ತರುತ್ತೇನೆ ಮೇಡಂ. ದನದವರಿಗೆ ಇವತ್ತೇ ಹೇಳುತ್ತೇನೆ.