ಗೌರಿ ಹಬ್ಬದ ಮೇಳದಲ್ಲಿ ಮೆಹಂದಿ ಟೇಬಲ್ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ಗೆರೆಬಳ್ಳಿ

ಎಲ್ಲರಿಗೂ ನಮಸ್ಕಾರ. ಮೆಹಂದಿ ಬಿಡಿಸೋ ಕೈ ಚೆನ್ನಾಗಿದೆ, ಆದರೆ ಇಲ್ಲಿವರೆಗೆ ಅಂಗಡಿಯ ಕೋನ್‌ನಲ್ಲೇ ಮನೆಯವರಿಗೆ, ಅಕ್ಕಪಕ್ಕದವರಿಗೆ ಹಾಕಿರೋದು. ಈ ಸಲ ನಮ್ಮ ಅಪಾರ್ಟ್‌ಮೆಂಟಿನ ಗೌರಿ-ಗಣೇಶ ಮೇಳದಲ್ಲಿ ದುಡ್ಡು ತಗೊಂಡು ಹಾಕೋಣ ಅಂತಿದೀನಿ. ಸರಿಹೋದರೆ ಬಸವನಗುಡಿ ಕಡಲೆಕಾಯಿ ಪರಿಷೆ ಹೊತ್ತಿಗೆ ಹೊರಗೂ ಕೂರೋ ಯೋಚನೆ ಇದೆ.

ಕೋನ್ ನಾನೇ ಮಾಡಿಕೊಳ್ಳಲೇಬೇಕಾ? ಮಾಡೋದಾದರೆ ಅಳತೆ ಎಷ್ಟು, ಒಂದು ದಿನಕ್ಕೆ ಎಷ್ಟು ಬೇಕಾಗುತ್ತೆ? ರೇಟು ಹೇಗೆ ಇಡೋದು? ಕಪ್ಪು ಮೆಹಂದಿ ಕೇಳಿಕೊಂಡು ಬರೋರಿಗೆ ಏನು ಹೇಳೋದು? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ಸೋಸಿದ ಪುಡಿ

ಕೋನ್ ನೀವೇ ಮಾಡಿಕೊಳ್ಳಿ. ದುಡ್ಡು ತಗೊಂಡು ಬೇರೆಯವರ ಚರ್ಮದ ಮೇಲೆ ಹಚ್ಚುವಾಗ ಒಳಗೆ ಏನಿದೆ ಅಂತ ನಿಮಗೆ ಗೊತ್ತಿರಬೇಕು. ಮದರಂಗಿ ಎಲೆಯ ಬಣ್ಣ ನೀರು ತಾಗಿದ ಮೇಲೆ ಕೆಲವು ದಿನ ಮಾತ್ರ ಜೀವಂತ. ಹಾಗಿದ್ದ ಮೇಲೆ ಅಂಗಡಿಯ ಶೆಲ್ಫಿನಲ್ಲಿ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಟ್ಟ ಕೋನ್ ಬಣ್ಣ ಬಿಡುತ್ತೆ ಅಂದರೆ, ಆ ಬಣ್ಣ ಎಲೆಯದಲ್ಲ. 'ಹತ್ತೇ ನಿಮಿಷದಲ್ಲಿ ಕಡುಗೆಂಪು' ಅನ್ನೋ ಕೋನ್‌ಗಳಲ್ಲಿ ಸೋಡಿಯಂ ಪಿಕ್ರಮೇಟ್ ಥರದ ರಾಸಾಯನಿಕ ಸಿಕ್ಕಿರೋದು ಹೊಸದೇನಲ್ಲ.

ಪುಡಿ: ಕೂದಲಿಗೆ ಹಾಕೋ ಮೆಹಂದಿ ಪುಡಿ ಆಗಲ್ಲ. ಅದರಲ್ಲಿ ನಾರು, ಕಡ್ಡಿ ಚೂರು, ಎಷ್ಟೋ ಸಲ ನೆಲ್ಲಿ-ಸೀಗೆ ಪುಡಿ ಸೇರಿರುತ್ತೆ. ಮೂರು ಸಲ ಬಟ್ಟೆಯಲ್ಲಿ ಸೋಸಿದ, ಬಾಡಿ ಆರ್ಟ್‌ಗೆ ಅಂತಲೇ ಮಾರೋ ಪುಡಿ ಬೇಕು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನದು ಹೆಸರುವಾಸಿ. 2021ರಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಕೊಳ್ಳುವಾಗ ಯಾವ ವರ್ಷದ ಬೆಳೆ ಅಂತ ಕೇಳಿ. ಒಳ್ಳೆ ಪುಡಿ ಹಸಿರು, ಒಣಹುಲ್ಲಿನ ವಾಸನೆ. ಕಂದು ತಿರುಗಿದ್ದರೆ ಹಳೆಯದು. ಕಣ್ಣಿಗೆ ಹೊಡೆಯೋ ಹಸಿರಿದ್ದರೆ ಬಣ್ಣ ಬೆರೆಸಿರೋ ಅನುಮಾನ ಇಟ್ಟುಕೊಳ್ಳಿ.

ಅಳತೆ: 100 ಗ್ರಾಂ ಪುಡಿ, 25 ಗ್ರಾಂ ಸಕ್ಕರೆ, 30 ಮಿಲಿ ಎಸೆನ್ಷಿಯಲ್ ಆಯಿಲ್, ಸುಮಾರು 250ರಿಂದ 280 ಮಿಲಿ ನೀರು. ಸಕ್ಕರೆಯನ್ನು ನುಣ್ಣಗೆ ಪುಡಿ ಮಾಡಿ ಮದರಂಗಿ ಪುಡಿಗೆ ಬೆರೆಸಿ. ಮೊದಲು 200 ಮಿಲಿ ನೀರು ಮಾತ್ರ ಹಾಕಿ ಗಂಟಿಲ್ಲದೆ ಕಲಸಿ. ಚಪಾತಿ ಹಿಟ್ಟಿಗಿಂತ ಸಡಿಲ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಆಮೇಲೆ ಎಣ್ಣೆ ಸೇರಿಸಿ, ಗಾಳಿ ತಾಗದ ಹಾಗೆ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿಡಿ.

ಎಣ್ಣೆ ಅಂದರೆ ಲ್ಯಾವೆಂಡರ್ ಅಥವಾ ನೀಲಗಿರಿ, ಎರಡೂ ಶುದ್ಧ ಇರಬೇಕು. ಇವುಗಳಲ್ಲಿರೋ ಟರ್ಪೀನ್ ಅನ್ನೋ ಘಾಟು ವಾಸನೆಯ ಅಂಶಗಳಿಂದಲೇ ಬಣ್ಣ ಗಾಢವಾಗೋದು. ಮಕ್ಕಳೂ ಬರ್ತಾರೆ ಅಂದರೆ ಲ್ಯಾವೆಂಡರ್ ಒಂದನ್ನೇ ಬಳಸಿ. ಚಿಕ್ಕವರಿಗೆ ನೀಲಗಿರಿ ಎಣ್ಣೆ ಒಳ್ಳೆಯದಲ್ಲ. ಲವಂಗದ ಎಣ್ಣೆ ಚರ್ಮ ಸುಡುತ್ತೆ, ಬೇಡ. ಕೆಲವರು ಸೀಮೆಎಣ್ಣೆ, ಟರ್ಪೆಂಟೈನ್ ಹಾಕ್ತಾರೆ. ಅದನ್ನು ಮುಟ್ಟಲೇಬೇಡಿ.

ಎಷ್ಟು ಹೊತ್ತು ನೆನೆಯಬೇಕು ಅನ್ನೋದು ಹವೆಯ ಮೇಲೆ. ಗೌರಿ ಹಬ್ಬದ ಹೊತ್ತಿನ ಬೆಂಗಳೂರಿನಲ್ಲಿ ನೀರಿನಲ್ಲಿ ಕಲಸಿದ್ದಕ್ಕೆ 8 ಗಂಟೆ ಇಟ್ಟುಕೊಳ್ಳಿ. ಕಾರ್ತಿಕದ ಚಳಿಯಲ್ಲಿ 12 ಗಂಟೆಯೂ ಆಗುತ್ತೆ. ನಿಂಬೆರಸದಲ್ಲಿ ಕಲಸಿದರೆ ಬಣ್ಣ ಇನ್ನೂ ನಿಧಾನ ಬಿಡುತ್ತೆ, ಆದರೆ ಹೆಚ್ಚು ಹೊತ್ತು ತಾಳುತ್ತೆ. ಗಡಿಯಾರ ನಂಬೋದಕ್ಕಿಂತ ಪರೀಕ್ಷೆ ಮಾಡಿ: ಮೇಲ್ಪದರ ಕಂದಾಗಿ ಕೆಳಗೆ ಹಸಿರಿರಬೇಕು. ಒಂದು ಚುಕ್ಕೆ ಅಂಗೈಗೆ ಇಟ್ಟು 5 ನಿಮಿಷಕ್ಕೆ ಒರೆಸಿದರೆ ಢಾಳಾದ ಕಿತ್ತಳೆ ಗುರುತು ಉಳಿಯಬೇಕು. ಮಸುಕಾಗಿದ್ದರೆ ಇನ್ನೊಂದೆರಡು ಗಂಟೆ ಬಿಡಿ.

ನಂತರ ಉಳಿದ ನೀರನ್ನು ಚಮಚ ಚಮಚವಾಗಿ ಸೇರಿಸಿ. ಚಮಚ ಎತ್ತಿದರೆ ಪಟ್ಟಿಯಾಗಿ ಇಳಿದು, ಬಿದ್ದ ಗುರುತು ಒಂದು ಕ್ಷಣ ನಿಂತು ಕರಗಬೇಕು. ತೊಟ್ಟಿಕ್ಕಿದರೆ ನೀರು ಜಾಸ್ತಿ ಆಯ್ತು ಅಂತ. ಇಲ್ಲಿಂದ ಸೋಸೋ ಕೆಲಸ, ಇದನ್ನು ಮಾತ್ರ ಬಿಡಬೇಡಿ. ನೈಲಾನ್ ಸ್ಟಾಕಿಂಗ್ ಒಳಗೆ ಪೇಸ್ಟ್ ತುಂಬಿ, ಅದನ್ನು ಗಟ್ಟಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಚೀಲದ ಬಾಯಿ ಬಿಗಿಯಾಗಿ ಹಿಡಿದು ಸ್ಟಾಕಿಂಗನ್ನು ನಿಧಾನವಾಗಿ ಹೊರಗೆಳೆಯಿರಿ. ನಾರೆಲ್ಲ ಸ್ಟಾಕಿಂಗ್‌ನಲ್ಲೇ ಉಳಿಯುತ್ತೆ, ನುಣುಪಾದದ್ದು ಚೀಲದಲ್ಲಿ. ಚೀಲದ ಮೂಲೆ ಕತ್ತರಿಸಿದರೆ ನೇರ ಕೋನ್‌ಗೆ ತುಂಬಬಹುದು. ಕ್ಯೂ ನಿಂತಿರುವಾಗ ಕೋನ್ ತುದಿ ಕಟ್ಟಿಕೊಳ್ಳೋದು ಬಹುತೇಕ ಈ ನಾರಿನಿಂದ.

ಕೋನ್‌ಗೆ ಹೂಗುಚ್ಛ ಸುತ್ತೋ ಪಾರದರ್ಶಕ ಹಾಳೆ ಸಾಕು. ಚಿಕ್ಕಪೇಟೆ-ಮಾಮೂಲ್‌ಪೇಟೆ ಕಡೆ ರೋಲ್ ಸಿಗುತ್ತೆ. ತುದಿಯಲ್ಲಿ ರಂಧ್ರವೇ ಕಾಣದ ಹಾಗೆ ಬಿಗಿ ಸುತ್ತಿ, ಉದ್ದಕ್ಕೂ ಟೇಪ್ ಹಾಕಿ, ಮುಕ್ಕಾಲು ಮಾತ್ರ ತುಂಬಿ. ಪೂರ್ತಿ ತುಂಬಿದರೆ ಒತ್ತಿದಾಗ ಹಿಂದಿನಿಂದ ಬರುತ್ತೆ. 100 ಗ್ರಾಂ ಪುಡಿಗೆ 25 ಗ್ರಾಂನ ಸುಮಾರು 15 ಕೋನ್ ಬರುತ್ತೆ. ಬೆರಳಿಂದ ಮಣಿಕಟ್ಟಿನವರೆಗಿನ ಒಂದು ಬಳ್ಳಿಗೆ 2-3 ಗ್ರಾಂ ಹೋಗುತ್ತೆ, ಅಂದರೆ ಒಂದು ಕೋನ್‌ಗೆ 8-10 ಕೈ. ನಿಮ್ಮ ಮೇಳಕ್ಕೆ 100 ಗ್ರಾಂ ಕಲಸಿದರೆ ಧಾರಾಳ. ಉಳಿದದ್ದು ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಬಣ್ಣ ಸತ್ತುಹೋಗುತ್ತೆ.

ಬಸವನಗುಡಿ ಕೋನ್

ಪೇಸ್ಟ್ ಬಗ್ಗೆ ಮೇಲೆ ಹೇಳಿದ್ದು ಸರಿಯಿದೆ. ಒಂದು ಮಾತು ಸೇರಿಸ್ತೀನಿ: ಗೌರಿ ಹಬ್ಬ ಮಳೆಗಾಲದಲ್ಲಿ ಬರೋದು. ಗಾಳಿಯಲ್ಲಿ ತೇವ ಇದ್ದಾಗ ಸಕ್ಕರೆ ನೀರು ಹೀರಿ ಪೇಸ್ಟ್ ಒಣಗೋದೇ ಇಲ್ಲ, ಸೆರಗಿಗೆ ತಾಗಿ ಗಲಾಟೆ. ಆಗ 100 ಗ್ರಾಂಗೆ 15-18 ಗ್ರಾಂ ಸಕ್ಕರೆ ಸಾಕು. ಪರಿಷೆ ಹೊತ್ತಿಗೆ ಒಣ ಚಳಿ. ಆಗ 25-30 ಗ್ರಾಂ ಹಾಕದಿದ್ದರೆ ಬಿರುಕು ಬಿಟ್ಟು ಉದುರುತ್ತೆ.

ಇನ್ನು ಟೇಬಲ್ ವಿಷಯ. ಹಬ್ಬದ ಜಾಗದಲ್ಲಿ ಮದುವೆ ಮೆಹಂದಿ ಹಾಕೋಕೆ ಹೋಗಬೇಡಿ. 3ರಿಂದ 5 ನಿಮಿಷದಲ್ಲಿ ಮುಗಿಯೋ ಹತ್ತು ಹನ್ನೆರಡು ಡಿಸೈನ್ ಬರೆದು, ಪಕ್ಕದಲ್ಲೇ ರೇಟು ಹಾಕಿ ಲ್ಯಾಮಿನೇಟ್ ಮಾಡಿಸಿ. 'ಏನಾದ್ರೂ ಚೆನ್ನಾಗಿರೋದು ಹಾಕಿ' ಅಂತ ಕೂತವರ ಜೊತೆ ಮಾತಾಡೋದರಲ್ಲೇ ಐದು ನಿಮಿಷ ಹೋಗುತ್ತೆ. ಹಾಳೆ ಇದ್ದರೆ ಕ್ಯೂನಲ್ಲೇ ಆಯ್ಕೆ ಆಗಿರುತ್ತೆ. ಚಂದ್ರನ ಬೊಟ್ಟು, ಮಾವಿನಕಾಯಿ, ತೋರುಬೆರಳಿಂದ ಓರೆಯಾಗಿ ಇಳಿಯೋ ಬಳ್ಳಿ, ಮಣಿಕಟ್ಟಿನ ಬಳೆ ಡಿಸೈನ್, ಮಕ್ಕಳಿಗೆ ನವಿಲು, ಚಿಟ್ಟೆ. ಇವು ಓಡುತ್ತವೆ.

ಎಡಗೈ ಕೇಳಿ. ಇದನ್ನು ಹೊಸಬರು ಯೋಚಿಸಿರಲ್ಲ. ಮೇಳದಲ್ಲಿ ಊಟ ಇರುತ್ತೆ, ಬಲಗೈಯಲ್ಲಿ ಕಲಸಿ ತಿನ್ನಬೇಕು. ಪರಿಷೆಯಲ್ಲಂತೂ ಕಡಲೆಕಾಯಿ ಬಿಡಿಸದೆ ಯಾರೂ ಮನೆಗೆ ಹೋಗಲ್ಲ. ಬೆರಳ ತುದಿ ತುಂಬಿಸಿದರೆ ಹತ್ತು ಹೆಜ್ಜೆ ಹೋಗೋದರೊಳಗೆ ಅಳಿಸಿರುತ್ತೆ. ಎಡಗೈ ಹಿಂಭಾಗ ಅಥವಾ ಮುಂಗೈ ಸುರಕ್ಷಿತ. ಆದರೆ ಅಂಗೈ, ಪಾದದಷ್ಟು ಕಡು ಬಣ್ಣ ಮುಂಗೈಗೆ ಬರಲ್ಲ, ತೋಳಿಗೆ ಇನ್ನೂ ಕಡಿಮೆ. ಹೊರಪದರ ದಪ್ಪ ಇದ್ದ ಕಡೆ ಬಣ್ಣ ಹೆಚ್ಚು ಹಿಡಿಯುತ್ತೆ. ಇದನ್ನು ಹಾಕೋ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಸಬೂಬು ಅನ್ಸುತ್ತೆ.

ಕೂರಿಸಿದ ತಕ್ಷಣ ಕೈ ಒರೆಸಿ. ಹಬ್ಬದ ದಿನ ಕೈಯಲ್ಲಿ ಅರಿಶಿನ, ಎಣ್ಣೆ, ಕ್ರೀಮ್ ಇದ್ದೇ ಇರುತ್ತೆ. ಅದರ ಮೇಲೆ ಹಾಕಿದರೆ ಬಣ್ಣ ಒಳಗೆ ಇಳಿಯಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಟೇಬಲ್ ಮೇಲೆ ಕೈ ಇಡೋಕೆ ಚಿಕ್ಕ ದಿಂಬು, ಎಲ್‌ಇಡಿ ದೀಪ, ಟಿಶ್ಯೂ, ತಪ್ಪು ಗೆರೆ ತೆಗೆಯೋಕೆ ಇಯರ್‌ಬಡ್ಸ್, ಗುಂಡುಪಿನ್, ಕತ್ತರಿ, ಕಸದ ಚೀಲ, ಯುಪಿಐ ಕೋಡ್, ಚಿಲ್ಲರೆ. ಕೋನ್‌ಗಳನ್ನು ಐಸ್ ಪ್ಯಾಕ್ ಇರೋ ಡಬ್ಬದಲ್ಲಿಟ್ಟು ಎರಡೆರಡೇ ಹೊರಗೆ ತೆಗೀರಿ.

ರೇಟಿಗೆ ಲೆಕ್ಕ ಹೀಗೆ ಹಾಕಿ. 4 ನಿಮಿಷ ಕೆಲಸ, 2 ನಿಮಿಷ ಎದ್ದು ಕೂರೋದು, ಅಂದರೆ ಗಂಟೆಗೆ 10 ಕೈ. ಐದು ಗಂಟೆಯ ಮೇಳದಲ್ಲಿ ನಿಜವಾಗಿ ಆಗೋದು 40, ಬೆನ್ನು ಬಿಡುವು ಕೇಳುತ್ತೆ. ಜಾಗದ ಬಾಡಿಗೆ 2000 ಅಂದುಕೊಂಡರೆ ಪ್ರತಿ ಕೈಗೆ 50 ರೂಪಾಯಿ ಅಲ್ಲಿಗೇ ಹೋಯ್ತು. ಅದರ ಮೇಲೆ ಸಾಮಾನು, ನಿಮ್ಮ ಕೂಲಿ. ಬಾಡಿಗೆ ಹೆಚ್ಚಿದ್ದು ಜನ ಕಡಿಮೆ ಇರೋ ಕಡೆ ಕೂರೋದಕ್ಕಿಂತ ಬಾಡಿಗೆ ಇಲ್ಲದ ನಿಮ್ಮ ಅಪಾರ್ಟ್‌ಮೆಂಟೇ ವಾಸಿ.

ಜಾಗ ಆರಿಸೋವಾಗ ನೂಕುನುಗ್ಗಲು ನೋಡಿ. ಕರಗದ ರಾತ್ರಿ ತಿಗಳರಪೇಟೆಯಲ್ಲಿ ಹಸಿ ಮೆಹಂದಿ ಹಾಕಿಸಿಕೊಂಡವರು ನಡೆಯೋದು ಹೇಗೆ? ಪರಿಷೆಯಲ್ಲೂ ಬುಲ್ ಟೆಂಪಲ್ ರಸ್ತೆಯ ನಡುಮಧ್ಯೆ ಬೇಡ. ಒಳರಸ್ತೆಯಲ್ಲಿ ಯಾರದಾದರೂ ಮನೆ ಕಾಂಪೌಂಡಿನ ಒಳಗೆ ಕೇಳಿಕೊಂಡು, ಒಣಗೋವರೆಗೆ ಕೂರೋಕೆ ನಾಲ್ಕು ಕುರ್ಚಿ ಹಾಕಿದರೆ ಒಳ್ಳೆಯದು. ರಂಜಾನ್ ಹಬ್ಬದ ಹಿಂದಿನ ರಾತ್ರಿ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಕಡೆ ಬೇಡಿಕೆ ಜೋರು, ಆದರೆ ಅಲ್ಲಿ ವೇಗದ ಕೈಗಳು ಬಹಳ ಇವೆ. ಎರಡನೇ ವರ್ಷ ಯೋಚಿಸಿ.

ಔಷಧಿ ಡಬ್ಬಿ

ಕಪ್ಪು ಮೆಹಂದಿ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ, ಇದು ಸಣ್ಣ ವಿಷಯ ಅಲ್ಲ.

ಮದರಂಗಿಯಿಂದ ಕಪ್ಪು ಬರಲ್ಲ. ಎಲೆಯಲ್ಲಿರೋ ಬಣ್ಣದ ಅಂಶ ಲಾಸೋನ್, ಚರ್ಮದ ಕೆರಾಟಿನ್ ಅನ್ನೋ ಪ್ರೋಟೀನ್‌ಗೆ ಅಂಟಿಕೊಂಡು ಮೊದಲು ಕಿತ್ತಳೆ, ಗಾಳಿಯ ಆಮ್ಲಜನಕ ತಾಗುತ್ತ 48 ಗಂಟೆಯಲ್ಲಿ ಕೆಂಪು-ಕಂದು ಆಗುತ್ತೆ. ಒಂದೇ ಗಂಟೆಯಲ್ಲಿ ಕಪ್ಪಾಯ್ತು ಅಂದರೆ ಅದರಲ್ಲಿ ಹೇರ್ ಡೈಯಲ್ಲಿರೋ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡಯಮೀನ್ ಇದೆ ಅಂತಲೇ ತಿಳಿಯಿರಿ. ಕೆಲವು ದಿನದಲ್ಲಿ ಡಿಸೈನ್ ಆಕಾರದಲ್ಲೇ ಊತ, ನೀರುಗುಳ್ಳೆ ಏಳಬಹುದು, ಕಲೆ ಉಳಿಯಬಹುದು. ಅದಕ್ಕಿಂತ ದೊಡ್ಡದು, ಒಮ್ಮೆ ಪಿಪಿಡಿಗೆ ಅಲರ್ಜಿ ಹುಟ್ಟಿದರೆ ಅದು ಜೀವನಪರ್ಯಂತ. ಹತ್ತು ವರ್ಷದ ಹುಡುಗಿಗೆ ಇವತ್ತು ಹಾಕಿದ್ದು, ಅವಳು ಮುಂದೆ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿದ ದಿನ ಮುಖ ಊದಿಕೊಳ್ಳೋ ಹಾಗೆ ಮಾಡಬಹುದು. 'ಕಪ್ಪು ಹಾಕಲ್ಲ' ಅಂತ ಬೋರ್ಡಿನಲ್ಲೇ ಬರೆದು ಹಾಕಿ, ವಾದವೇ ಇರಲ್ಲ.

ಶುದ್ಧ ಮದರಂಗಿ ಕೂಡ ಎಲ್ಲರಿಗೂ ಅಲ್ಲ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡೋ ಒಂದು ಕಿಣ್ವ) ಕೊರತೆ ಇರೋರಲ್ಲಿ ಲಾಸೋನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಈ ಕೊರತೆ ಇರೋದು ಎಷ್ಟೋ ಮನೆಯವರಿಗೆ ಗೊತ್ತೇ ಇರಲ್ಲ, ಹಾಗಾಗಿ ಕೈಗೂಸುಗಳಿಗೆ ಅಜ್ಜಿ ಎಷ್ಟೇ ಆಸೆಪಟ್ಟು ಕೇಳಿದರೂ ಹಾಕಬೇಡಿ. ಗಾಯ, ಇಸುಬು, ಹೊಸದಾಗಿ ವ್ಯಾಕ್ಸ್ ಮಾಡಿದ ಜಾಗ ಬಿಟ್ಟುಬಿಡಿ. ಗರ್ಭಿಣಿಯರಿಗೆ ಎಣ್ಣೆ ಹಾಕದೆ ಕಲಸಿದ ಎರಡು ಕೋನ್ ಬೇರೆ ಗುರುತು ಹಾಕಿ ಇಟ್ಟುಕೊಂಡರೆ ವಾಸಿ. ಬಣ್ಣ ಸ್ವಲ್ಪ ತಿಳಿ ಬರುತ್ತೆ ಅಷ್ಟೆ. ಹಿಂದೆ ಮೆಹಂದಿಗೋ ಹೇರ್ ಡೈಗೋ ತುರಿಕೆ ಬಂದಿತ್ತಾ ಅಂತ ಪ್ರತಿಯೊಬ್ಬರನ್ನೂ ಕೇಳಿ. ಬಂದಿತ್ತು ಅಂದರೆ ನಯವಾಗಿ ಬೇಡ ಅನ್ನಿ. ಮಕ್ಕಳಿಗೆ ಅಪ್ಪ-ಅಮ್ಮ ಪಕ್ಕದಲ್ಲಿದ್ದರೆ ಮಾತ್ರ.

ಗೆರೆಬಳ್ಳಿ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಮೂವರಿಗೂ ತುಂಬಾ ಥ್ಯಾಂಕ್ಸ್. ಎರಡು ಅನುಮಾನ ಉಳಿದಿದೆ. ಪೇಸ್ಟ್ ತೆಗೆದಾಗ ಬರೀ ಕಿತ್ತಳೆ ಇದ್ದರೆ ಜನ ಬೇಜಾರಾಗಲ್ವಾ? ನಿಂಬೆರಸ-ಸಕ್ಕರೆ ನೀರು ಹಚ್ಚಲೇಬೇಕಾ?

ಸೋಸಿದ ಪುಡಿ

ಮೊದಲ ದಿನ ಕಿತ್ತಳೆ ಇರೋದೇ ಸರಿ. ಗೊತ್ತಿಲ್ಲದವರು ಬೇಜಾರಾಗ್ತಾರೆ, ಅದಕ್ಕೇ ಅಂಗೈಯಗಲದ ಚೀಟಿ ಅಚ್ಚು ಹಾಕಿಸಿ ಎಲ್ಲರಿಗೂ ಕೊಡಿ. ಅದರಲ್ಲಿ ಇಷ್ಟಿರಲಿ: 'ಕನಿಷ್ಠ 4ರಿಂದ 6 ಗಂಟೆ ಬಿಡಿ. ನೀರಿನಲ್ಲಿ ತೊಳೆಯಬೇಡಿ, ಕೆರೆದು ಉದುರಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ನಾಳೆ ಬೆಳಗ್ಗೆವರೆಗೆ ಸೋಪು, ಪಾತ್ರೆ ತೊಳೆಯೋದು ಬೇಡ. ಇವತ್ತು ಕಿತ್ತಳೆ, ನಾಡಿದ್ದು ಕಂದುಗೆಂಪು. ಒಂದರಿಂದ ಎರಡು ವಾರ ಇರುತ್ತೆ.' ನಾಳೆ ಪೂಜೆ ಇದೆ, ಬಾಗಿನ ಕೊಡಬೇಕು ಅನ್ನೋರಿಗೆ ಹಬ್ಬಕ್ಕೆ ಎರಡು ದಿನ ಮೊದಲೇ ಹಾಕಿಸಿಕೊಳ್ಳಿ ಅಂತ ಮೇಳದ ನೋಟೀಸಿನಲ್ಲೇ ಹಾಕಿಸಿ. ಅಪಾರ್ಟ್‌ಮೆಂಟ್ ಆದ್ದರಿಂದ ಹಿಂದಿನ ವಾರಾಂತ್ಯವೂ ಟೇಬಲ್ ಹಾಕಬಹುದು.

ನಿಂಬೆ-ಸಕ್ಕರೆ ನೀರು ಬಣ್ಣ ಕೊಡಲ್ಲ, ಒಣಗಿದ ಪೇಸ್ಟ್ ಉದುರದ ಹಾಗೆ ಹಿಡಿದಿಡುತ್ತೆ ಅಷ್ಟೆ. ಪೇಸ್ಟಿನಲ್ಲಿ ಸಕ್ಕರೆ ಸರಿಯಾಗಿದ್ದರೆ ಬೇಕಿಲ್ಲ. ಹಚ್ಚೋದಾದರೆ ಪೂರ್ತಿ ಒಣಗಿದ ಮೇಲೆ ಹತ್ತಿಯಲ್ಲಿ ಒತ್ತಿ, ಒಂದೇ ಸಲ. ಒದ್ದೆ ಮಾಡಿದರೆ ಗೆರೆ ಹರಡಿ ಅಂಚು ಮಸುಕಾಗುತ್ತೆ. ಮಳೆ ಹನಿಯೋ ದಿನ ಅದನ್ನು ಬಿಟ್ಟು, 20 ನಿಮಿಷ ಒಣಗಿದ ಮೇಲೆ ಮೆಡಿಕಲ್ ಶಾಪಿನ ಪೇಪರ್ ಟೇಪನ್ನು ಮೇಲೆ ಮೆಲ್ಲಗೆ ಅಂಟಿಸಿ ಕಳಿಸಿ. ಸೆರಗೂ ಉಳಿಯುತ್ತೆ, ಮೈ ಬಿಸಿಗೆ ಬಣ್ಣವೂ ಚೆನ್ನಾಗಿ ಇಳಿಯುತ್ತೆ. ಟೇಪಿಗೆ 10 ರೂಪಾಯಿ ಬೇರೆ ತಗೊಳ್ಳಿ.