ಅಡಿಕೆ ಕೊಳೆ ರೋಗದ ಬಗ್ಗೆ ತೋಟದವರೆದುರು ಮಾತಾಡೋಕೆ ಹೋಗಿ ಪೆಚ್ಚಾಗಿ ಬಂದೆ, ಎಲ್ಲಿ ಎಡವಿದೆ?

ಮಳೆಹುಳ, ಕೊಪ್ಪ

"ತೇಜಸ್ವಿ ಓದು" ಅಂತ ಯಾರೂ ಬರೀಬೇಡಿ, ಮೊದಲೇ ಹೇಳಿಬಿಡ್ತೀನಿ. ಓದಿದೀನಿ. ಓದಿಯೇ ಗಿಡಮರದ ಹುಚ್ಚು ಹಿಡಿಸ್ಕೊಂಡು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು. ಆದ್ರೆ ಹೋದ ಭಾನುವಾರ ನಮ್ಮೂರ ಸಮುದಾಯ ಭವನದಲ್ಲಿ ನಲವತ್ತು ಜನ ಅಡಿಕೆ ಬೆಳೆಗಾರರ ಎದುರು ನಿಂತಾಗ ಆ ಓದು ಒಂದೂ ಕೈಗೆ ಬರ್ಲಿಲ್ಲ.

ನಮಗೂ ಎರಡು ಎಕರೆ ಅಡಿಕೆ ಇದೆ, ಅಪ್ಪ ನೋಡ್ಕೊಳ್ತಾರೆ. ಸಂಘದವರು ಮನೆಗೇ ಬಂದು "ಓದಿದವಳು ನೀನು, ಮಳೆ ಹಿಡಿಯೋದ್ರೊಳಗೆ ಕೊಳೆ ಬಗ್ಗೆ ನಾಲ್ಕು ಮಾತು ಹೇಳು" ಅಂದ್ರು. ಉಬ್ಬಿಹೋದೆ. ಎರಡು ರಾತ್ರಿ ಕೂತು 32 ಸ್ಲೈಡ್ ಮಾಡಿದೆ. ಶುರು ಮಾಡಿದ್ದು ಹೀಗೆ: "ಕೊಳೆ ರೋಗ ತರುವ ಫೈಟಾಫ್ತೊರ ನಿಜವಾದ ಶಿಲೀಂಧ್ರವಲ್ಲ, ಅದೊಂದು ಊಮೈಸೀಟ್." ಶಿಲೀಂಧ್ರ ಅನ್ನೋ ಪದವನ್ನೇ ಬಾಯಲ್ಲಿ ಆಡದವರಿಗೆ ಇದು ಶಿಲೀಂಧ್ರ ಅಲ್ಲ ಅಂತ ತಿದ್ದೋಕೆ ಹೊರಟಿದ್ದೆ! ನಗಿ, ಪರವಾಗಿಲ್ಲ.

ಏಳನೇ ಸ್ಲೈಡಲ್ಲಿ ಅದರ ಝೂಸ್ಪೋರ್, ಅಂದ್ರೆ ರೋಗ ಹರಡೋ ಬೀಜಕಣದ ಚಿತ್ರ. ಗೇರುಬೀಜದಂಥ ಮೈ, ಎರಡು ಬಾಲ. ಹಿಂದಿನ ಸಾಲಲ್ಲಿ ಕವಳ ಮೆಲ್ಲುತ್ತಿದ್ದ ಒಬ್ಬ ಅಜ್ಜ, "ಅಲ್ಲ ಮಾರಾಯ್ತಿ, ಅದಕ್ಕೆ ಬಾಲ ಯಾಕೆ? ಈಜೋಕಾ?" ಅಂದ್ರು. ಹಾಲ್‌ಗೆ ಹಾಲೇ ನಕ್ಕಿತು. ನಾನೂ ಹಲ್ಲು ಕಿರಿದು "ಪ್ರಶ್ನೆ ಎಲ್ಲ ಕೊನೆಗೆ ತಗೊಳ್ತೀನಿ ಅಜ್ಜ" ಅಂತ ಮುಂದಿನ ಸ್ಲೈಡ್ ಒತ್ತಿದೆ. ಕೊನೆಗೆ ಒಬ್ಬರೂ ಏನೂ ಕೇಳಲಿಲ್ಲ. ಉಪ್ಪಿಟ್ಟು ತಿಂದು, ಕಾಫಿ ಕುಡಿದು ಹೊರಟರು. ಅಪ್ಪ ಬೈಕಲ್ಲಿ ವಾಪಸ್ ಬರುವಾಗ ಹೇಳಿದ್ದು ಇಷ್ಟೇ: "ನೀನು ಹೇಳಿದ್ದು ಸರಿನೇ ಇರ್ಬೇಕು. ನಂಗೆ ತಿಳೀಲಿಲ್ಲ."

ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಹೊಳೀತು. ಅಜ್ಜ ತಮಾಷೆಗೆ ಕೇಳಿದ್ದೇ ವಿಷಯದ ಬೇರು! ಅದು ಈಜೋದೇ. ಕಾಯಿ ಮೇಲೆ ನೀರಿನ ತೆಳು ಪೊರೆ ನಿಂತ್ರೆ ಸಾಕು, ಆ ಬಾಲ ಬಡೀತಾ ಹೋಗಿ ಅಂಟ್ಕೊಳ್ಳುತ್ತೆ. ಮಳೆಗಾಲದಲ್ಲೇ ಕೊಳೆ ಯಾಕೆ, ಹಿಂದಿನವರು ಅಡಿಕೆ ಕೊನೆಗೆ (ಗೊನೆಗೆ) ಮಳೆ ತಾಗದ ಹಾಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟುತ್ತಿದ್ದದ್ದು ಯಾಕೆ, ಎಲ್ಲ ಆ ಒಂದು ಬಾಲದಲ್ಲಿತ್ತು. ನಾನು ಬಾಲ ಬಿಟ್ಟು ಸ್ಲೈಡ್ ಹಿಡ್ಕೊಂಡೆ.

ಇನ್ನು ಹದಿನೈದು ದಿನಕ್ಕೆ ಬಾಳೆಹೊನ್ನೂರು ಕಡೆ ಇನ್ನೊಂದು ಸಭೆ ಇದೆ. ಎಷ್ಟು ವಿಜ್ಞಾನ ಇಟ್ಕೊಳ್ಬೇಕು, ಎಷ್ಟು ಬಿಡ್ಬೇಕು? "ಕೊಳೆ ಅಂದ್ರೆ ಒಂಥರ ಬೂಸ್ಟು" ಅಂದುಬಿಟ್ರೆ ಎಲ್ಲರಿಗೂ ತಿಳಿಯುತ್ತೆ, ಆದ್ರೆ ಅದು ಸುಳ್ಳಲ್ವಾ? ಅನುಭವ ಇದ್ದವರು ಹೇಳಿ.

ತೋಟದಪ್ಪ 58

ತಂಗಿ, ಪ್ರೊಜೆಕ್ಟರ್ ಮನೇಲಿ ಬಿಡು. ಒಂದು ಪ್ಲಾಸ್ಟಿಕ್ ಡ್ರಮ್ಮು, ಮೈಲುತುತ್ತ, ಸುಣ್ಣ ತಗೊಂಡು ಹೋಗು.

ನನ್ನ ಕತೆ ಕೇಳು. ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಮಾಡುವಾಗ ಕತ್ತಿ ಅದ್ದಿ ನೋಡು ಅಂತ ಅಪ್ಪ ಕಲಿಸಿದ್ರು. ಒಂದು ಕೆಜಿ ಮೈಲುತುತ್ತ 50 ಲೀಟರಿಗೆ, ಒಂದು ಕೆಜಿ ಸುಣ್ಣ ಬೇರೆ 50 ಲೀಟರಿಗೆ, ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ದು ಕಲಕ್ತಾ ಇರೋದು. ಆಮೇಲೆ ಉಜ್ಜಿ ತೊಳೆದ ಕತ್ತಿ ಸ್ವಲ್ಪ ಹೊತ್ತು ಅದ್ದಿ ತೆಗೆದ್ರೆ ಅಲಗು ಕೆಂಪಾಗಬಾರದು. ಕೆಂಪಾದ್ರೆ ಇನ್ನಷ್ಟು ಸುಣ್ಣದ ನೀರು. ಮೂವತ್ತು ವರ್ಷ ಹಾಗೇ ಮಾಡಿದೆ. ಯಾಕೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಹೋದ ವರ್ಷ ಮೊಮ್ಮಗ, ಹತ್ತನೇ ಕ್ಲಾಸು, ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದ್ತಿದ್ದ: ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕಂದು ಕೆಂಪಾಗುತ್ತದೆ, ಸ್ಥಾನಪಲ್ಲಟ ಕ್ರಿಯೆ. ಎಂಥ ಸಲ್ಫೇಟೋ ಅದು ಅಂದೆ. "ಮೈಲುತುತ್ತ ಕಣಜ್ಜ" ಅಂದ. ಕೈ ಹಿಡ್ಕೊಂಡು ಡ್ರಮ್ಮಿನ ಹತ್ರ ಕರ್ಕೊಂಡು ಹೋದೆ. ಸುಣ್ಣ ಬೇಕಂತಲೇ ಕಮ್ಮಿ ಹಾಕಿ ಕತ್ತಿ ಅದ್ದಿದೆ. ಅಲಗಿನ ಮೇಲೆ ತಾಮ್ರ ಕೂತಿದ್ದು ನೋಡಿ ಅವನ ಕಣ್ಣು ಇಷ್ಟಗಲ ಆಯ್ತು. ಸುಣ್ಣ ಸಾಕಷ್ಟಿದ್ರೆ ತಾಮ್ರನ ಹಿಡ್ಕೊಂಡಿರುತ್ತೆ, ಸುಣ್ಣ ಕಮ್ಮಿಯಾಗಿ ಬಿಡಿಯಾಗಿ ಉಳಿದ ತಾಮ್ರ ಕತ್ತಿಗೆ ಅಂಟುತ್ತೆ, ಎಳೇ ಕಾಯಿ ಸುಡೋದೂ ಅದೇ ಬಿಡಿ ತಾಮ್ರ ಅಂತ ಅವನೇ ಬಿಡಿಸಿ ಹೇಳಿದ. ಆ ಪಾಠದಲ್ಲಿ ಪೂರ್ತಿ ಮಾರ್ಕು ತಗೊಂಡಿದ್ದ ಹುಡುಗ, ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ.

ನಿನ್ನ ಸಭೆಗೆ ಬರೋರ ಕೈಲೆಲ್ಲ ಕತ್ತಿ ಇರುತ್ತೆ. ಅಲ್ಲಿಂದ ಶುರು ಮಾಡು.

ನಿವೃತ್ತ ಮೇಷ್ಟ್ರು, ಹಾಸನ

ತೋಟದಪ್ಪನವರ ಮಾತಿಗೆ ನನ್ನದೊಂದು ಸೇರಿಕೆ. ಬೋರ್ಡೋ ಎನ್ನುವುದು ಫ್ರಾನ್ಸಿನ ಒಂದು ಊರು, ದ್ರಾಕ್ಷಿಯ ಸೀಮೆ. ರಸ್ತೆ ಬದಿಯ ಬಳ್ಳಿಗಳಿಂದ ಹೋಗಿಬರುವವರು ಹಣ್ಣು ಕಿತ್ತು ತಿನ್ನುತ್ತಿದ್ದರಂತೆ. ತೋಟದವರು ಅದನ್ನು ತಪ್ಪಿಸಲು ಮೈಲುತುತ್ತ, ಸುಣ್ಣ ಕಲಸಿ ಎರಚಿದರು. ನೀಲಿ ಬಣ್ಣ ನೋಡಿ ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. ಬೂಜು ರೋಗ ಬಂದಾಗ ಒಳಗಿನ ಬಳ್ಳಿಗಳ ಎಲೆ ಉದುರಿತು, ಕಳ್ಳರಿಗೆ ಹೆದರಿ ನೀಲಿ ಬಳಿದ ಬಳ್ಳಿಗಳು ಹಸಿರಾಗಿಯೇ ನಿಂತವು. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಕಂಡು, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದ. ಈ ಕತೆ ನಮ್ಮ ಕಡೆ ಹೇಳಿ ನೋಡಿ. ತೋಟಕ್ಕೆ ಬೆದರುಬೊಂಬೆ ನಿಲ್ಲಿಸಿದವರು, ಹಲಸಿನ ಮರಕ್ಕೆ ಮುಳ್ಳು ಕಟ್ಟಿದವರು ಎಲ್ಲರೂ ಕಿವಿ ನಿಮಿರಿಸುತ್ತಾರೆ. ಆ ಔಷಧಿ ಮಲೆನಾಡಿಗೆ ಬಂದದ್ದರ ಹಿಂದೆ ಲೆಸ್ಲಿ ಕೋಲ್ಮನ್ ಇದ್ದಾರೆ. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಇದೇ ಕೊಳೆ ರೋಗದ ಬೆನ್ನು ಹತ್ತಿದರು. ನೀವು ಹೋಗುತ್ತಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರಲ್ಲೂ ಅವರ ಪಾತ್ರವಿದೆ.

ಸುಳ್ಳಿನ ಪ್ರಶ್ನೆಗೆ ಬರುತ್ತೇನೆ. "ಬೂಸ್ಟು" ಎನ್ನಬೇಡಿ. ಬೂಸ್ಟೆಂದರೆ ಒರೆಸಿದರೆ ಹೋಯಿತು, ಬಿಸಿಲಿಗಿಟ್ಟರೆ ಹೋಯಿತು ಎಂಬ ಭಾವನೆ ಬರುತ್ತದೆ. ಊಮೈಸೀಟೂ ಬೇಡ. "ಸಮುದ್ರದ ಕಂದು ಪಾಚಿಗೆ ದೂರದ ನೆಂಟ, ನೀರಿದ್ದರೆ ಈಜುತ್ತದೆ" ಎನ್ನಿ. ಇದರಲ್ಲಿ ಸುಳ್ಳಿಲ್ಲ, ನಿಮ್ಮ ಮೊದಲ ಸ್ಲೈಡಿನ ಸತ್ಯವೂ ಬಿಟ್ಟುಹೋಗಿಲ್ಲ.

ಗೊಬ್ಬರದಂಗಡಿ ಹುಡುಗ

ಎಲ್ಲ ಚೆನ್ನಾಗಿದೆ ಮೇಷ್ಟ್ರೆ, ಆದ್ರೆ ಕಹಿ ಮಾತು ಒಂದು ಹೇಳ್ತೀನಿ ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಒಂದು ಭಾನುವಾರ ಬಂದು ಹೋಗ್ತೀರ. ನಾನು ಶೃಂಗೇರಿ ಕಡೆ ಅಂಗಡಿ ಕೌಂಟರಲ್ಲಿ ವರ್ಷವಿಡೀ ಕೂತಿರ್ತೀನಿ. ನಾಳೆನೂ ಸಿಗ್ತಾನೆ ಅಂತ ಜನ ನನ್ನನ್ನೇ ಕೇಳೋದು, ನನಗೆ ಗೊತ್ತಿರೋದು ಬಾಟ್ಲಿ ಮೇಲೆ ಬರೆದಿರೋದಷ್ಟೇ ಆದ್ರೂ. ನಿಮ್ಮಂಥೋರು ನಮ್ಮಂಥ ಅಂಗಡಿಯೋರಿಗೂ ಒಂದು ಪಾಠ ಮಾಡಿದ್ರೆ ಒಳ್ಳೇದಿತ್ತು.

ಎರಡನೇದು. "ಬೋರ್ಡೋ ಮುಂಗಾರಿನ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ ಹೊಡೀರಿ" ಅಂತ ಹೇಳಿರ್ತೀರ. ಮಳೆಗಾಲದಲ್ಲಿ ಇಲ್ಲಿ ತಾರೀಕು ಯಾರು ಲೆಕ್ಕ ಇಡ್ತಾರೆ? ರೋಹಿಣಿ ಮಳೆ ಮುಗಿಯೋದ್ರೊಳಗೆ ಒಂದು, ಪುನರ್ವಸು ಮಳೆ ಮುಗಿಯೋ ಹೊತ್ತಿಗೆ ಇನ್ನೊಂದು ಅನ್ನಿ. ಲೆಕ್ಕ ಹಾಕಿ ನೋಡಿ, ಅಷ್ಟೇ ದಿನ ಬರುತ್ತೆ. ಮಳೆ ಬಿಟ್ಟು ಹೊಳವು ಸಿಕ್ಕಿದ ದಿನ ಹೊಡೀತಾರೆ ಬಿಡಿ, ಅದು ಬೇರೆ ಮಾತು.

ಮೂರನೇದು ಮುಖ್ಯ. ಯಾರಾದ್ರೂ ಹಳದಿ ಎಲೆ ರೋಗದ ಬಗ್ಗೆ ಕೇಳೇ ಕೇಳ್ತಾರೆ. ಆಗ ನುಣುಚಿಕೊಳ್ಳಬೇಡಿ. ಮದ್ದಿಲ್ಲ ಅಂತ ಬಾಯಿಬಿಟ್ಟು ಹೇಳಿ. ನಮ್ಮ ಮಾವನ ತೋಟ ಪೂರ್ತಿ ಹಳದಿ ಹೊಡೆದು ಹೋಯ್ತು. ಬಂದುಹೋದವರೆಲ್ಲ "ಪೋಷಕಾಂಶ ಕೊಡಿ, ನಿರ್ವಹಣೆ ಮಾಡಿ" ಅಂತ ಸುತ್ತಿಬಳಸಿ ಹೇಳಿದ್ರು. ಮಾವ ಅದನ್ನ "ಇದರಿಂದ ವಾಸಿ ಆಗುತ್ತೆ" ಅಂತ ತಿಳ್ಕೊಂಡು ಸಾಲ ಮಾಡಿ ಟಾನಿಕ್ ಸುರಿದ್ರು. ಅರ್ಧ ನನ್ನ ಅಂಗಡಿಯಿಂದಲೇ ಹೋಯ್ತು ಅನ್ನೋದು ಇವತ್ತಿಗೂ ಚುಚ್ಚುತ್ತೆ.

ಮಳೆಹುಳ, ಕೊಪ್ಪ

ಎಲ್ಲರಿಗೂ ಉತ್ತರ ಬರೆಯೋದ್ರೊಳಗೆ ಒಂದು ಕೆಲಸ ಮಾಡಿದೆ. ಬಾಲದ ಅಜ್ಜನ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ದೋಟಿ ರಿಪೇರಿ ಮಾಡ್ತಾ ಕೂತಿದ್ರು. "ಅಜ್ಜ, ನೀವು ಕೇಳಿದ್ದು ಸರಿ, ಅದು ಈಜುತ್ತೆ" ಅಂದೆ. ತಲೆ ಎತ್ತಿ ನೋಡಿದ್ರು. ಕೂರೋಕೆ ಮಣೆ ಕೊಟ್ರು, ಬೆಲ್ಲ ನೀರು ಬಂತು. ಒಂದು ಅಡಿಕೆ ಕಾಯಿ ಮೇಲೆ ನೀರು ಚಿಮುಕಿಸಿ, ಇಷ್ಟು ನೀರು ಸಾಕು ಅದಕ್ಕೆ, ಔಷಧಿ ಮೊದಲೇ ಮೈಮೇಲೆ ಇದ್ರೆ ಈಜಿ ಬಂದದ್ದು ತಾಮ್ರ ತಾಗಿ ಸಾಯುತ್ತೆ, ಒಳಗೆ ಹೊಕ್ಕ ಮೇಲೆ ಹೊಡೆದ್ರೆ ಏನೂ ಆಗಲ್ಲ ಅಂದೆ. ಕಾಯಿ ತಿರುಗಿಸಿ ತಿರುಗಿಸಿ ನೋಡಿದ್ರು.

"ಸರಿ, ಈಜುತ್ತೆ. ಐವತ್ತು ಅಡಿ ಮರ ಈಜಿ ಹತ್ತುತ್ತಾ?"

ಈ ಸಲ ಕೊನೆಗೆ ತಗೊಳ್ತೀನಿ ಅನ್ಲಿಲ್ಲ. ಹತ್ತಲ್ಲ ಅಜ್ಜ, ಹೋದ ವರ್ಷ ಕೊಳೆತ ಕೊನೆ ಮರದ ತಲೇಲೇ ಒಣಗಿ ಉಳಿದಿರುತ್ತಲ್ಲ, ಅದರಲ್ಲಿ ಕೂತಿರುತ್ತೆ, ಮಳೆ ಬಿದ್ದಾಗ ಹನಿ ಸಿಡಿದು, ಗಾಳಿ ಹೊಡೆದು ಪಕ್ಕದ ಕೊನೆಗೂ ಪಕ್ಕದ ಮರಕ್ಕೂ ಹೋಗುತ್ತೆ ಅಂದೆ.

ಅಜ್ಜ ದೋಟಿ ಕೆಳಗಿಟ್ಟು ತೋಟದ ಕಡೆ ತಿರುಗಿ ಮಗನ್ನ ಕೂಗಿದ್ರು: "ಏ, ಮೇಲಿನ ಒಣಕಲು ಕೊನೆ ಎಲ್ಲ ಕಿತ್ತು ಸುಡ್ಬೇಕು ಕಣೋ, ಮಳೆ ಬರೋದ್ರೊಳಗೆ!"

ನನ್ನ 29ನೇ ಸ್ಲೈಡು ಅದು.